ಹಾಯಿದೋಣಿಯ ಕಕ್ಕಸು

ಶಾಲೆಯ ವಾರ್ಷಿಕ ಸಂಚಿಕೆಗೆ ಕನ್ನಡ ಅಧ್ಯಾಪಕರು ಬರೆಯುವುದೆಂದರೆ ಸಂಧಿ, ಸಮಾಸ, ಗಾದೆಗಳ ವಿಷಯವೇ ಇರಬೇಕೆಂದು ನಮ್ಮ ವಿದ್ಯಾರ್ಥಿಗಳು ತಿಳಿದಿದ್ದಾರೆ. ಈ ಸಲ ನಾವು ಕಕ್ಕಸಿನ ವಿಷಯ ಬರೆಯುತ್ತಿದ್ದೇವೆ. ಅದೂ ಮನೆಯ ಹಿತ್ತಿಲಿನದಲ್ಲ. ಸಮುದ್ರದಲ್ಲಿ ತಿಂಗಳುಗಟ್ಟಲೆ ಸಂಚರಿಸುವ ಹಾಯಿದೋಣಿಯೊಳಗಿನದು. ಕೇಳಿದೊಡನೆ ಮೂಗು ಮುಚ್ಚಿಕೊಳ್ಳುವವರು ಸ್ವಲ್ಪ ತಾಳ್ಮೆಯಿಂದ ಓದಬೇಕು. ದ್ರವದ ಒತ್ತಡ, ಪಂಪು, ಸೈಫನ್, ಆಮ್ಲ ಮತ್ತು ಲವಣ, ಹೀಗೆ ನೀವು ಬೇರೆ ಬೇರೆ ಪಾಠಗಳಲ್ಲಿ ಓದುವ ಸಂಗತಿಗಳೆಲ್ಲ ಒಂದು ಮಂಚದಷ್ಟೂ ಅಗಲವಿಲ್ಲದ ಆ ಕೋಣೆಯಲ್ಲಿ ಒಟ್ಟಿಗೆ ಕಾಣಸಿಗುತ್ತವೆ.

ಬರೆಯಲು ಕಾರಣವಾದದ್ದು ನಮ್ಮ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿ ಮುಗಿಸಿ ಐ.ಟಿ.ಐ.ಯಲ್ಲಿ ಫಿಟ್ಟರ್ ಕೆಲಸ ಕಲಿತು, ಈಗ ಕೊಚ್ಚಿಗೆ ಬಂದು ನಿಲ್ಲುವ ಹಾಯಿದೋಣಿಗಳ ದುರಸ್ತಿ ಮಾಡುತ್ತಿದ್ದಾನೆ. ಮನೆಯಲ್ಲಿ "ಬೋಟಿನ ಇಂಜಿನ್ ಕೆಲಸ" ಎಂದಷ್ಟೇ ಹೇಳಿದ್ದ. ಅವನು ಹೆಚ್ಚಾಗಿ ಬಿಚ್ಚಿ ಜೋಡಿಸುವುದು ಕಕ್ಕಸಿನ ಪಂಪುಗಳನ್ನು ಎಂಬ ಸುದ್ದಿ ಯಾರಿಂದಲೋ ಅವನ ತಂದೆಯವರ ಕಿವಿಗೆ ಬಿತ್ತು. ಅವರು ಅಡಿಕೆ ಕೃಷಿಕರು, ಮರ್ಯಾದೆಗೆ ಅಂಜುವವರು. ಒಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, "ಮಾಷ್ಟ್ರೇ, ಇದಕ್ಕೇ ಇವನನ್ನು ಶಾಲೆಗೆ ಕಳಿಸಿದ್ದಾ?" ಎಂದು ಕೇಳಿದರು. ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಕಣ್ಣಾರೆ ನೋಡಿ ಬರೋಣವೆಂದು ಹೇಳಿ, ಮಧ್ಯಾವಧಿ ರಜೆಯಲ್ಲಿ ಇಬ್ಬರೂ ರೈಲು ಹತ್ತಿದೆವು. ಹೆಸರು ಹಾಕಕೂಡದೆಂಬ ಷರತ್ತಿನ ಮೇಲೆ ತಂದೆ ಮಗ ಇಬ್ಬರೂ ಈ ಲೇಖನಕ್ಕೆ ಒಪ್ಪಿದ್ದಾರೆ.

ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದಲ್ಲಿ ವಿಹಾರ ದೋಣಿಗಳು ತಂಗುವ ಒಂದು ಕಟ್ಟೆಯಿದೆ. ಅಲ್ಲಿ ಯುರೋಪಿನಿಂದ ಬಂದ ವೃದ್ಧ ದಂಪತಿಗಳ ಹಾಯಿದೋಣಿಯೊಂದು ನಿಂತಿತ್ತು. ಗಂಡ ನಿವೃತ್ತ ವೈದ್ಯರು. ದೋಣಿಯಲ್ಲಿ ಅವರಿಬ್ಬರೇ; ಆಳಿಲ್ಲ, ಕಾಳಿಲ್ಲ. ನಾವು ಒಳಗೆ ಇಳಿದಾಗ ಆ ವೈದ್ಯರು ಕಕ್ಕಸಿನ ಮುಂದೆ ಮೊಣಕಾಲೂರಿ ಕುಳಿತು ನಮ್ಮ ವಿದ್ಯಾರ್ಥಿಗೆ ದೀಪ ಹಿಡಿಯುತ್ತಿದ್ದರು.

ಹಿಂದಿನ ಕಾಲದಲ್ಲಿ ಈ ತೊಡಕೇ ಇರಲಿಲ್ಲ. ಅರಬೀ ಸಮುದ್ರದ ಹಾಯಿ ಹಡಗುಗಳಲ್ಲಿ ಹಿಂಭಾಗದ ಅಂಚಿಗೆ ಒಂದು ಹಲಗೆಯ ಪೆಟ್ಟಿಗೆಯನ್ನು ನೀರಿನ ಮೇಲೆ ಚಾಚಿಕೊಂಡಿರುವಂತೆ ಕಟ್ಟುತ್ತಿದ್ದರು. ತಳಕ್ಕೆ ತೂತು, ಕೆಳಗೆ ಕಡಲು. ಯುರೋಪಿನ ದೊಡ್ಡ ಹಡಗುಗಳಲ್ಲಿ ನಾವಿಕರ ಜಾಗ ಮೂತಿಯ ಕಡೆಗೆ ಇತ್ತು. ಗಾಳಿ ಹೆಚ್ಚಾಗಿ ಹಿಂದಿನಿಂದ ಬೀಸುವುದರಿಂದ ವಾಸನೆ ಮುಂದಕ್ಕೆ ಹೋಗುತ್ತಿತ್ತು, ಮೂತಿಗೆ ಅಪ್ಪಳಿಸುವ ತೆರೆಗಳು ತೊಳೆದುಬಿಡುತ್ತಿದ್ದವು. ಹಡಗಿನ ತಲೆಯ ಭಾಗದಲ್ಲಿದ್ದುದರಿಂದಲೇ ಇಂಗ್ಲಿಷ್ ನಾವಿಕರು ಇಂದಿಗೂ ದೋಣಿಯ ಕಕ್ಕಸನ್ನು 'ಹೆಡ್' ಎನ್ನುತ್ತಾರೆ. ಭಾಷೆಯ ಅಧ್ಯಾಪಕರಾದ ನಮಗೆ ಆ ದಿನ ಮೊದಲು ಸಂತೋಷ ಕೊಟ್ಟದ್ದು ಈ ಪದವೇ.

ಕಕ್ಕಸು ದೋಣಿಯ ಒಳಗೆ ಬಂದ ಮೇಲೆ ಕಷ್ಟವೂ ಒಳಗೆ ಬಂತು. ಸಣ್ಣ ದೋಣಿಯಲ್ಲಿ ಒಳಗಿನ ನೆಲ ಸಮುದ್ರದ ಮಟ್ಟಕ್ಕಿಂತ ಕೆಳಗಿರುತ್ತದೆ. ಬೋಗುಣಿಯ ಬಾಯಿಯೂ ಅನೇಕ ವೇಳೆ ನೀರಿನ ಮಟ್ಟಕ್ಕಿಂತ ಕೆಳಗೇ; ದೋಣಿ ಗಾಳಿಗೆ ಒಂದು ಮಗ್ಗುಲಿಗೆ ವಾಲಿದಾಗ ಇನ್ನೂ ಕೆಳಗೆ. ಮನೆಯಲ್ಲಿ ಮೇಲಿನಿಂದ ನೀರು ಸುರಿದರೆ ಎಲ್ಲವೂ ತಾನಾಗಿ ಇಳಿದು ಹೋಗುತ್ತದೆ. ಇಲ್ಲಿ ಹೊಲಸನ್ನು ಮೇಲಕ್ಕೆತ್ತಿ ಸಮುದ್ರದ ಒತ್ತಡಕ್ಕೆ ಎದುರಾಗಿ ಹೊರಗೆ ತಳ್ಳಬೇಕು. ಅದಕ್ಕಾಗಿ ದೋಣಿಯ ತಳದಲ್ಲಿ ಎರಡು ತೂತುಗಳಿವೆ. ತೊಳೆಯುವ ಉಪ್ಪುನೀರು ಬರುವುದಕ್ಕೆ ಸುಮಾರು 19 ಮಿಲಿಮೀಟರಿನದು, ಹೊಲಸು ಹೋಗುವುದಕ್ಕೆ ಸುಮಾರು 38 ಮಿಲಿಮೀಟರಿನದು.

ಎಲ್ಲರೂ ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡಬೇಕು. 38 ಮಿಲಿಮೀಟರ್ ವ್ಯಾಸದ ತೂತೊಂದು ನೀರಿನ ಮಟ್ಟಕ್ಕಿಂತ 60 ಸೆಂಟಿಮೀಟರ್ ಕೆಳಗಿದೆಯೆಂದಿರಲಿ. ಟಾರಿಚೆಲ್ಲಿಯ ಸೂತ್ರದಂತೆ ನೀರು ಸೆಕೆಂಡಿಗೆ ಸುಮಾರು 3.4 ಮೀಟರ್ ವೇಗದಲ್ಲಿ ನುಗ್ಗುತ್ತದೆ. ತೂತಿನ ವಿಸ್ತೀರ್ಣ ಸುಮಾರು 11.3 ಚದರ ಸೆಂಟಿಮೀಟರ್. ಎರಡನ್ನೂ ಗುಣಿಸಿ, ಅಂಚಿನಲ್ಲಿ ಧಾರೆ ಸಂಕುಚಿತವಾಗುವುದರಿಂದ ಹತ್ತರಲ್ಲಿ ಆರು ಪಾಲು ಮಾತ್ರ ಬರುತ್ತದೆಂದು ಹಿಡಿದರೂ, ನಿಮಿಷಕ್ಕೆ ಸುಮಾರು 140 ಲೀಟರ್. ಹದಿನೈದು ಲೀಟರಿನ ಕೊಡ ಒಂಬತ್ತಕ್ಕೂ ಹೆಚ್ಚು! ಇಬ್ಬರು ಮುದುಕರು ಮಲಗಿ ನಿದ್ರಿಸುವ ದೋಣಿ ಅದು. ಆದ್ದರಿಂದ ಎರಡು ತೂತುಗಳಿಗೂ ಸೀಕಾಕ್ ಎಂಬ ಗಟ್ಟಿ ಕಂಚಿನ ನಲ್ಲಿಗಳಿರುತ್ತವೆ. ಕೆಲಸವಾದೊಡನೆ ಅವನ್ನು ಮುಚ್ಚಬೇಕು. ಪೈಪನ್ನು ನಲ್ಲಿಗೆ ಬಿಗಿಯುವಲ್ಲಿ ಒಂದು ಕ್ಲಿಪ್ಪು ತುಕ್ಕು ಹಿಡಿದು ಮುರಿದರೆ ಇನ್ನೊಂದು ಇರಲಿ ಎಂದು ಎರಡೆರಡು ಸ್ಟೀಲ್ ಕ್ಲಿಪ್ಪು ಹಾಕುತ್ತಾರೆ. ನಲ್ಲಿಯೇ ಮುರಿದರೆ ಬಡಿದು ಕೂರಿಸಲು ಮೃದು ಮರದ ಬೆಣೆಯೊಂದನ್ನು ಅದರ ಪಕ್ಕದಲ್ಲೇ ದಾರದಿಂದ ಕಟ್ಟಿಟ್ಟಿರುತ್ತಾರೆ. ಆ ಬೆಣೆಯನ್ನು ನೋಡಿ ನಮ್ಮ ಜೊತೆಗಿದ್ದ ತಂದೆಯವರು, "ನಮ್ಮ ಕೆರೆಯ ತೂಬಿನ ಗೂಟದ ಹಾಗೇ ಉಂಟಲ್ಲ" ಎಂದರು.

ಇನ್ನು ಪಂಪು. ಬೋಗುಣಿಯ ಪಕ್ಕದಲ್ಲಿ ನೆಟ್ಟಗೆ ನಿಂತ ಒಂದು ಸಿಲಿಂಡರು, ಮೇಲೆ ಹಿಡಿಕೆ. ಸೈಕಲ್ಲಿಗೆ ಗಾಳಿ ಹಾಕುವ ಪಂಪಿನಂತೆಯೇ ಕಾಣುತ್ತದೆ. ಆದರೆ ಸೈಕಲ್ ಪಂಪು ಒತ್ತುವಾಗ ಮಾತ್ರ ಕೆಲಸ ಮಾಡುತ್ತದೆ. ಇದು ಎತ್ತುವಾಗಲೂ ಒತ್ತುವಾಗಲೂ ಮಾಡುತ್ತದೆ. ಹಿಡಿಕೆಯನ್ನು ಎತ್ತಿದಾಗ ಪಿಸ್ಟನ್ನಿನ ಕೆಳಗೆ ಜಾಗ ಹೆಚ್ಚಿ ಬೋಗುಣಿಯಲ್ಲಿರುವುದು ಸಿಲಿಂಡರಿನ ಬುಡಕ್ಕೆ ಎಳೆಯಲ್ಪಡುತ್ತದೆ; ಅದೇ ಸಮಯದಲ್ಲಿ ಪಿಸ್ಟನ್ನಿನ ಮೇಲಿದ್ದ ಸಮುದ್ರದ ನೀರು ಬೋಗುಣಿಗೆ ಸುರಿಯುತ್ತದೆ. ಒತ್ತಿದಾಗ ಬುಡದಲ್ಲಿದ್ದುದು ಹೊರಗಿನ ಪೈಪಿಗೆ ತಳ್ಳಲ್ಪಡುತ್ತದೆ, ಮೇಲಿನ ಭಾಗಕ್ಕೆ ಹೊಸ ನೀರು ಬರುತ್ತದೆ. ಪಕ್ಕದಲ್ಲಿ ಒಂದು ಚಿಕ್ಕ ಸನ್ನೆಯಿದೆ. ಅದನ್ನು ಒಂದು ಕಡೆಗೆ ತಿರುಗಿಸಿದರೆ ನೀರು ಬರುತ್ತದೆ. ಇನ್ನೊಂದು ಕಡೆಗೆ ತಿರುಗಿಸಿದರೆ ನೀರು ಬರುವುದು ನಿಂತು ಬೋಗುಣಿ ಬರಿದಾಗುತ್ತದೆ.

ಇಷ್ಟೆಲ್ಲ ನಡೆಯುವುದು ಮೂರು ನಾಲ್ಕು ರಬ್ಬರಿನ ತುಂಡುಗಳಿಂದ. ಅವುಗಳಲ್ಲಿ ಮುಖ್ಯವಾದುದು ಹೊರಹೋಗುವ ದಾರಿಯಲ್ಲಿರುವ 'ಜೋಕರ್ ವಾಲ್ವ್'. ಟೋಪಿಯಂತಿರುವ ದಪ್ಪ ರಬ್ಬರು, ತುದಿಯಲ್ಲಿ ಒಂದು ಸೀಳು. ಒಳಗಿನಿಂದ ತಳ್ಳಿದರೆ ಬಾತುಕೋಳಿಯ ಕೊಕ್ಕಿನಂತೆ ತೆರೆಯುತ್ತದೆ, ಹೊರಗಿನಿಂದ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಬೋಗುಣಿಯನ್ನು ಬರಿದು ಮಾಡಿ ಸ್ವಲ್ಪ ಹೊತ್ತಿನ ಮೇಲೆ ನೋಡಿದಾಗ ಕೊಳೆನೀರು ಮತ್ತೆ ಬಂದು ನಿಂತಿದ್ದರೆ ಈ ಸೀಳು ಸವೆದಿದೆ ಅಥವಾ ಅದರಲ್ಲಿ ಏನೋ ಸಿಕ್ಕಿಕೊಂಡಿದೆ ಎಂದರ್ಥ. ವರ್ಷಕ್ಕೊಮ್ಮೆ ಇದನ್ನು ಬದಲಾಯಿಸುವುದು ವಾಡಿಕೆ.

ಈಗ ಸೈಫನ್ನಿಗೆ ಬರೋಣ. ನಮ್ಮ ಕಡೆಯ ತೋಟಗಳಲ್ಲಿ ಮೇಲಿನ ಟಾಂಕಿಯಿಂದ ಕೊಳವೆ ಇಳಿಬಿಟ್ಟು ಬುಡಗಳಿಗೆ ನೀರು ಬಿಡುವುದನ್ನು ನೀವೆಲ್ಲ ಕಂಡಿದ್ದೀರಿ. ಒಮ್ಮೆ ಕೊಳವೆ ತುಂಬಿತೆಂದರೆ ನೀರು ಟಾಂಕಿಯ ಅಂಚನ್ನು ಹತ್ತಿ ಇಳಿದು ತಾನಾಗಿ ಹರಿಯುತ್ತಲೇ ಇರುತ್ತದೆ. ದೋಣಿಯಲ್ಲೂ ಹೀಗೆಯೇ. ಸಮುದ್ರವೇ ಟಾಂಕಿ, ಬೋಗುಣಿಯೇ ಬುಡ. ನಲ್ಲಿ ಮುಚ್ಚಲು ಮರೆತು ಮಲಗಿದರೆ ಪೈಪಿನಲ್ಲಿ ತುಂಬಿದ ನೀರು ಸದ್ದಿಲ್ಲದೆ ಬೋಗುಣಿಗೆ ಬಂದು, ಅಂಚು ಮೀರಿ, ದೋಣಿಯನ್ನೇ ತುಂಬತೊಡಗುತ್ತದೆ. ಇದನ್ನು ತಡೆಯಲು ಪೈಪನ್ನು ನೀರಿನ ಮಟ್ಟಕ್ಕಿಂತ, ದೋಣಿ ವಾಲಿದಾಗಲೂ, ಸಾಕಷ್ಟು ಮೇಲಕ್ಕೆ ಕಮಾನಿನಂತೆ ಏರಿಸಿ ಇಳಿಸುತ್ತಾರೆ. ಕಮಾನಿನ ನೆತ್ತಿಯಲ್ಲಿ ಗಾಳಿಯನ್ನು ಒಳಗೆ ಬಿಡುವ, ನೀರನ್ನು ಹೊರಗೆ ಬಿಡದ ಒಂದು ಚಿಕ್ಕ ವಾಲ್ವು. ಬರಿಯ ಕಮಾನು ಸಾಲದು. ಗಾಳಿ ಹೊಕ್ಕರೆ ಮಾತ್ರ ಧಾರೆ ತುಂಡಾಗುತ್ತದೆ.

ಇದನ್ನು ನಮಗೆ ವಿವರಿಸಿದವರು ಮಗನಲ್ಲ, ತಂದೆ. ಮೂವತ್ತು ವರ್ಷ ತೋಟಕ್ಕೆ ನೀರು ಬಿಟ್ಟವರಲ್ಲವೆ? ಕಮಾನನ್ನು ಕಂಡೊಡನೆ, "ಕೊಳವೆಯ ಬಾಯಿ ಎತ್ತಿ ಗಾಳಿ ಹೊಗಿಸಿದರೆ ನೀರು ಕಡಿಯುತ್ತದೆ, ಅದೇ ಇದು" ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ಈ ಕಮಾನನ್ನು ಸಮುದ್ರದ ನಲ್ಲಿಯ ಹತ್ತಿರವೇ ಹಾಕಬಹುದಿತ್ತಲ್ಲ? ಪಂಪು ದಾಟಿದ ಮೇಲೆ ಯಾಕೆ ಹಾಕಿದ್ದು?" ಮಗ ಕೆಲಸ ನಿಲ್ಲಿಸಿ ತಲೆಯೆತ್ತಿದ. "ಪಂಪಿಗಿಂತ ಮೊದಲು ಹಾಕಿದರೆ ಒತ್ತುವಾಗ ಅದು ನೀರಿನ ಬದಲು ಗಾಳಿಯನ್ನೇ ಎಳೀತದೆ ಅಪ್ಪ. ಪಂಪಿನಿಂದ ಬೋಗುಣಿಗೆ ಹೋಗುವ ಕಡೆಯೇ ಹಾಕಬೇಕು. ಹೋದ ವಾರ ಒಂದು ದೋಣಿಯಲ್ಲಿ ತಪ್ಪಿ ಹಾಕಿದ್ದನ್ನು ನಾನೇ ಸರಿ ಮಾಡಿದ್ದು." ತಂದೆ ಮಗ ಆ ದಿನ ನೇರವಾಗಿ ಆಡಿದ ಮೊದಲ ಮಾತು ಅದು. ಹೊರಹೋಗುವ ಪೈಪಿಗೂ ಇಂಥದೇ ಇನ್ನೊಂದು ಕಮಾನು ಬೇಕು. ನೆತ್ತಿಯ ವಾಲ್ವಿನಲ್ಲಿ ಉಪ್ಪು ಕಟ್ಟಿ ಗಾಳಿಯ ದಾರಿ ಮುಚ್ಚಿದರೆ ಕಮಾನು ಇದ್ದೂ ಇಲ್ಲದಂತೆ. ಆಗಾಗ ಬಿಚ್ಚಿ ಉಗುರು ಬೆಚ್ಚನೆಯ ಸಿಹಿನೀರಿನಲ್ಲಿ ತೊಳೆಯಬೇಕು.

ಕಕ್ಕಸಿನಿಂದ ಮುಳುಗುವುದೆಂದರೆ ಉತ್ಪ್ರೇಕ್ಷೆಯೆಂದು ಭಾವಿಸುವವರಿಗೆ ಒಂದು ದೃಷ್ಟಾಂತ. ಎರಡನೆಯ ಮಹಾಯುದ್ಧದ ಕೊನೆಗೆ, 1945ರ ಏಪ್ರಿಲ್ 14ರಂದು, ಜರ್ಮನಿಯ ಯು-1206 ಎಂಬ ಜಲಾಂತರ್ಗಾಮಿ ನೌಕೆ ಸ್ಕಾಟ್ಲೆಂಡಿನ ಕರಾವಳಿಯ ಬಳಿ ನೀರೊಳಗಿತ್ತು. ಆಳದಲ್ಲೂ ಬಳಸಬಹುದಾದ ಹೊಸ ಮಾದರಿಯ ಕಕ್ಕಸು ಅದರಲ್ಲಿತ್ತು. ಅದರ ಮೂಲಕ ಸಮುದ್ರದ ನೀರು ಒಳನುಗ್ಗಿ ಕೆಳಗಿನ ಬ್ಯಾಟರಿಗಳನ್ನು ಮುಟ್ಟಿ ಕ್ಲೋರಿನ್ ವಿಷಾನಿಲ ಎದ್ದಿತು. ನೌಕೆ ಮೇಲಕ್ಕೆ ಬರಲೇಬೇಕಾಯಿತು. ಬಂದೊಡನೆ ಶತ್ರು ವಿಮಾನಗಳ ಕಣ್ಣಿಗೆ ಬಿದ್ದು, ಕೊನೆಗೆ ನಾವಿಕರೇ ಅದನ್ನು ಮುಳುಗಿಸಬೇಕಾಯಿತು.

ನಿತ್ಯದ ಆರೈಕೆಯ ವಿಷಯದಲ್ಲಿ ನಾವು ಕಲಿತದ್ದು ಬಹಳ. ಮೊದಲನೆಯದಾಗಿ, ಬೋಗುಣಿ ಶುಭ್ರವಾಯಿತೆಂದು ಪಂಪು ಮಾಡುವುದನ್ನು ನಿಲ್ಲಿಸಬಾರದು. ಹೊಲಸು ಬೋಗುಣಿ ಬಿಟ್ಟು ಪೈಪಿನಲ್ಲಿ ನಿಂತಿರುತ್ತದೆ. 38 ಮಿಲಿಮೀಟರಿನ ಪೈಪು ಮೀಟರಿಗೆ ಸುಮಾರು 1.1 ಲೀಟರ್ ಹಿಡಿಯುತ್ತದೆ. ಪೈಪು ಮೂರು ಮೀಟರ್ ಉದ್ದವಿದ್ದರೆ ಮೂರು ಲೀಟರಿಗಿಂತ ಹೆಚ್ಚು ನೀರು ಹಾದುಹೋಗಬೇಕು. ನಿಂತರೆ ಏನಾಗುತ್ತದೆ? ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯವಾಗಿ ಒಡೆಯುತ್ತವೆ. ನೀರು ಕ್ಷಾರವಾದಷ್ಟೂ ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಗಟ್ಟಿಯಾಗಿ ಪೈಪಿನ ಒಳಗೋಡೆಗೆ ಕಲ್ಲಿನಂತೆ ಅಂಟಿಕೊಳ್ಳುತ್ತವೆ. ನಮ್ಮ ವಿದ್ಯಾರ್ಥಿ ಬಿಚ್ಚಿ ತೋರಿಸಿದ ಹಳೆಯ ಪೈಪಿನ ದಾರಿ ಹೆಬ್ಬೆರಳು ಹೋಗದಷ್ಟು ಕಿರಿದಾಗಿತ್ತು. ಅದನ್ನು ದಂಡೆಗೆ ಒಯ್ದು ಬಟ್ಟೆ ಒಗೆಯುವಂತೆ ಕಲ್ಲಿನ ಮೇಲೆ ಬಡಿದ. ಬಿಳಿಯ ಚಕ್ಕೆಗಳು ಹಿಡಿ ಹಿಡಿಯಾಗಿ ಉದುರಿದವು.

ಈ ಕಲ್ಲು ಕಟ್ಟದಂತೆ ಆಗಾಗ ವಿನೆಗರ್ ಹಾಕಿ, ಕೆಲವು ಗಂಟೆ ಬಿಟ್ಟು, ಚೆನ್ನಾಗಿ ತೊಳೆಯಬೇಕು. ಮರುವಾಯಿ ಚಿಪ್ಪೊಂದನ್ನು ವಿನೆಗರಿನಲ್ಲಿ ಹಾಕಿ ನೋಡಿ, ಗುಳ್ಳೆ ಏಳುತ್ತದೆ. ಕಾರ್ಬೊನೇಟು ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುವುದೇ ಆ ಗುಳ್ಳೆ. ಪೈಪಿನೊಳಗೆ ನಡೆಯುವುದೂ ಇದೇ. ಆದರೆ ಮನೆಯ ಕಕ್ಕಸಿಗೆ ಸುರಿಯುವ ತೀಕ್ಷ್ಣ ದ್ರಾವಣಗಳನ್ನಾಗಲಿ, ಬ್ಲೀಚಿಂಗನ್ನಾಗಲಿ, ಪೈನ್ ಎಣ್ಣೆಯ ಫಿನಾಯಿಲನ್ನಾಗಲಿ ಇಲ್ಲಿ ಬಳಸಬಾರದು. ರಬ್ಬರು ಉಬ್ಬಿ ಕೆಡುತ್ತದೆ. ಯಾವ ಕಾರಣಕ್ಕೂ ಬ್ಲೀಚಿಂಗನ್ನು ವಿನೆಗರಿನೊಡನೆ ಅಥವಾ ಬೇರೆ ಆಮ್ಲದೊಡನೆ ಬೆರೆಸಬಾರದು. ಆ ಜಲಾಂತರ್ಗಾಮಿಯಲ್ಲಿ ಎದ್ದ ಕ್ಲೋರಿನ್ನೇ ನಿಮ್ಮ ಮನೆಯ ಬಚ್ಚಲಲ್ಲೂ ಏಳುತ್ತದೆ. ತಾಯಂದಿರು ದಯವಿಟ್ಟು ಇದನ್ನು ಗಮನಿಸಬೇಕು.

ವಾಸನೆಯ ಮೂಲವನ್ನು ಹುಡುಕುವಲ್ಲಿಯೂ ಅನೇಕರು ತಪ್ಪುತ್ತಾರೆ. ದೋಣಿಯನ್ನು ಕೆಲವು ದಿನ ಮುಚ್ಚಿಟ್ಟು ಬಂದು ಮೊದಲ ಸಲ ಪಂಪು ಮಾಡಿದಾಗ ಕೊಳೆತ ಮೊಟ್ಟೆಯ ನಾತ ಬಂದರೆ ಅದು ಹೊಲಸಿನದಲ್ಲ, ಒಳಬರುವ ಪೈಪಿನಲ್ಲಿ ನಿಂತ ಸಮುದ್ರದ ನೀರಿನದು. ಅದರಲ್ಲಿದ್ದ ಸೂಕ್ಷ್ಮಜೀವಿಗಳು ಸತ್ತು ಕೊಳೆತು ಆಮ್ಲಜನಕ ಮುಗಿದ ಮೇಲೆ, ಬೇರೊಂದು ಜಾತಿಯ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮಾಡುತ್ತವೆ. ದೋಣಿ ಬಿಡುವ ಮುನ್ನ ಒಳಬರುವ ಪೈಪಿನಲ್ಲೂ ಸಿಹಿನೀರು ಹಾಯಿಸಿಟ್ಟರೆ ಇದಿಲ್ಲ. ಇನ್ನು ಯಾವಾಗಲೂ ವಾಸನೆ ಇದ್ದರೆ ಪೈಪಿನದೇ ದೋಷವಿರಬಹುದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪೈಪಿನ ಸುತ್ತ ಸ್ವಲ್ಪ ಹೊತ್ತು ಸುತ್ತಿಟ್ಟು ಬಟ್ಟೆಯನ್ನು ಮೂಸಬೇಕು. ಬಟ್ಟೆ ನಾರಿದರೆ ಪೈಪಿನ ಗೋಡೆಯೇ ವಾಸನೆಯನ್ನು ಹೊರಬಿಡುತ್ತಿದೆ; ಬದಲಾಯಿಸದೆ ಉಪಾಯವಿಲ್ಲ.

ಪಂಪನ್ನು ಬಿಚ್ಚುವ ಕ್ರಮವನ್ನು ಪ್ರಯೋಗಶಾಲೆಯ ಕ್ರಮದಂತೆಯೇ ಕಲಿಯಬೇಕು. ಮೊದಲು ಸಿಹಿನೀರು ಹಾಕಿ ಹಲವು ಸಲ ಪಂಪು ಮಾಡಿ ಸ್ವಚ್ಛಗೊಳಿಸುವುದು. ಆಮೇಲೆ ಎರಡು ನಲ್ಲಿಗಳನ್ನೂ ಮುಚ್ಚುವುದು, ಮುಚ್ಚಿದೆಯೇ ಎಂದು ಕೈಯಿಂದ ಮುಟ್ಟಿ ನೋಡುವುದು. ನಮ್ಮ ವಿದ್ಯಾರ್ಥಿ ಎರಡು ಸಲ ಮುಟ್ಟಿ ನೋಡಿದ. ಕೈಗೆ ರಬ್ಬರ್ ಗ್ಲೌಸು. ಬಿಚ್ಚಿದ ತುಂಡುಗಳನ್ನು ಬಂದ ಅನುಕ್ರಮದಲ್ಲೇ ತಟ್ಟೆಯಲ್ಲಿ ಸಾಲಾಗಿ ಇಟ್ಟ. ಯಾವ ರಬ್ಬರಿನ ಯಾವ ಮುಖ ಮೇಲಿತ್ತೆಂದು ಚಿಕ್ಕ ಪುಸ್ತಕದಲ್ಲಿ ಚಿತ್ರ ಬರೆದುಕೊಂಡ. (ಶಾಲೆಯಲ್ಲಿದ್ದಾಗ ಅವನ ನೋಟುಪುಸ್ತಕದ ಅಕ್ಷರ ನಮಗೆ ಯಾವತ್ತೂ ಓದಲು ಬಂದದ್ದಿಲ್ಲ, ಈ ಪುಸ್ತಕ ಸ್ಫುಟವಾಗಿತ್ತು.) ಸವೆದ ಬಳೆ, ವಾಷರು, ವಾಲ್ವುಗಳನ್ನು ತೆಗೆದು ಹೊಸದನ್ನು ಹಾಕಿ, ರಬ್ಬರಿಗೆ ಒಗ್ಗುವ ಸಿಲಿಕೋನ್ ಗ್ರೀಸು ಸವರಿದ. ಪ್ಲಾಸ್ಟಿಕ್ಕಿನ ತಿರುಪುಮನೆಗಳು ಕಿತ್ತುಬರದಂತೆ ಎದುರುಬದುರಿನ ತಿರುಪುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದ. ಕೊನೆಗೆ ನಲ್ಲಿ ತೆರೆದು, ಒಣಗಿದ ಕಾಗದವನ್ನು ಪ್ರತಿಯೊಂದು ಕೂಡಿಗೆಯ ಸುತ್ತ ಒತ್ತಿ, ತೇವ ಹಿಡಿಯುತ್ತದೆಯೇ ಎಂದು ನೋಡಿದ.

ಆ ದಂಪತಿಗಳು ಕೆಲವು ಸುಧಾರಣೆಗಳನ್ನೂ ಮಾಡಿಸುತ್ತಿದ್ದರು. ಹೊಲಸನ್ನು ನೇರವಾಗಿ ಸಮುದ್ರಕ್ಕೆ ಬಿಡುವುದು ಬಂದರಿನಲ್ಲಿ, ದಂಡೆಯ ಬಳಿ ಸಲ್ಲದು. ಅಮೆರಿಕದಲ್ಲಿ ದಂಡೆಯಿಂದ ಮೂರು ನಾವಿಕ ಮೈಲಿಯೊಳಗೆ ಸಂಸ್ಕರಿಸದ ಹೊಲಸು ಬಿಡುವುದಕ್ಕೆ ನಿಷೇಧವಿದೆ. ದೊಡ್ಡ ಹಡಗುಗಳಿಗೆ 2003ರಿಂದ ಜಾರಿಯಲ್ಲಿರುವ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಅಂಥದನ್ನು ಹನ್ನೆರಡು ನಾವಿಕ ಮೈಲಿಯಾಚೆ, ಹಡಗು ಚಲಿಸುತ್ತಿರುವಾಗ ಮಾತ್ರ ಬಿಡಬಹುದು. ಹಾಗಾಗಿ ಅವರು 60 ಲೀಟರಿನ ತೊಟ್ಟಿಯೊಂದನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಕೂರಿಸುತ್ತಿದ್ದರು. ದೂರ ಸಮುದ್ರಕ್ಕೆ ಹೋದ ಮೇಲೆ ನಲ್ಲಿ ತೆರೆದರೆ ತಾನಾಗಿ ಇಳಿದು ಹೋಗುತ್ತದೆ. ಒಂದು ಸಲಕ್ಕೆ ನಾಲ್ಕು ಲೀಟರ್ ಹಿಡಿದರೆ ಹದಿನೈದು ಸಲಕ್ಕೆ ತೊಟ್ಟಿ ತುಂಬುತ್ತದೆ, ಇಬ್ಬರಿಗೆ ಎರಡು ದಿನವೂ ಬಾರದು. ತೊಟ್ಟಿಗೆ ಗಾಳಿಯ ಕೊಳವೆ ಧಾರಾಳವಾಗಿರಬೇಕು. ಆಮ್ಲಜನಕ ಸಿಕ್ಕಿದರೆ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾಗಳಿಗೆ ಎಡೆಯಿಲ್ಲ.

ಗುಂಡಿ ಒತ್ತಿದರೆ ನಡೆಯುವ ವಿದ್ಯುತ್ ಪಂಪನ್ನೇಕೆ ಹಾಕಿಸಬಾರದೆಂದು ನಾವು ಕೇಳಿದೆವು. ಆ ಹೆಂಗಸು ಹೇಳಿದ್ದನ್ನು ನಮ್ಮ ವಿದ್ಯಾರ್ಥಿ ಕನ್ನಡಕ್ಕೆ ತಂದ: "ಬ್ಯಾಟರಿ ತಿನ್ನುವುದು ಒಂದು, ಕೈ ತಿಳಿಯದಿರುವುದು ಇನ್ನೊಂದು ಅಂತಾರೆ ಮಾಷ್ಟ್ರೇ. ಎಲ್ಲಾದರೂ ಕಟ್ಟಿದರೆ ಹಿಡಿಕೆ ಬಿಗಿಯಾಗ್ತದೆ, ನಾವು ನಿಲ್ಲಿಸ್ತೇವೆ. ಮೋಟಾರಿಗೆ ಅದು ಗೊತ್ತಾಗುವುದಿಲ್ಲ, ಪೈಪನ್ನೇ ಕಳಚಿಬಿಡ್ತದೆ." ಬಿಗಿಯಾದ ಹಿಡಿಕೆಯನ್ನು ಎಂದೂ ಬಲಪ್ರಯೋಗದಿಂದ ಒತ್ತಬಾರದು, ಮೊದಲು ಹೊರಗಿನ ನಲ್ಲಿ ತೆರೆದಿದೆಯೇ ಎಂದು ನೋಡಬೇಕು. ಉಪ್ಪುನೀರಿನ ಬದಲು ಸಿಹಿನೀರು ಬಳಸುವುದೂ ಒಳ್ಳೆಯ ಸುಧಾರಣೆಯೇ, ಆದರೆ ಇಂಥ ಪಂಪನ್ನು ಕುಡಿಯುವ ನೀರಿನ ತೊಟ್ಟಿಗೆ ನೇರವಾಗಿ ಜೋಡಿಸಲೇಬಾರದು. ಚೆಂಬಿನಲ್ಲಿ ಸುರಿಯುವುದೇ ಸಾಕು. ಈ ಮಾತು ಬಂದಾಗ ತಂದೆಯವರು ಮೊದಲ ಸಲ ನಕ್ಕರು. ಬೋಗುಣಿಯ ಮೇಲಿನ ಗೋಡೆಯಲ್ಲಿ, ಬಾಯಿಯಿಂದ ಒಳಗೆ ಹೋಗದ ಯಾವುದನ್ನೂ ಇದರೊಳಗೆ ಹಾಕಬೇಡಿ ಎಂಬರ್ಥದ ಒಂದು ಚೀಟಿ ಅಂಟಿಸಿತ್ತು. ಒಂದು ಗುಂಡಿ, ಒಂದು ಬೆಂಕಿಕಡ್ಡಿ, ಒಂದಿಷ್ಟು ಕೂದಲು ಸಾಕು, ಜೋಕರ್ ವಾಲ್ವು ಬಾಯಿ ಮುಚ್ಚದಂತೆ ಮಾಡಲು.

ನಮ್ಮ ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ರೂಪಾ ಎ. ಅವರು ಗೋವೆಯಲ್ಲಿ ನಿರ್ಮಾಣವಾದ 'ತಾರಿಣಿ' ಎಂಬ ಹಾಯಿನೌಕೆಯಲ್ಲಿ 2024ರ ಅಕ್ಟೋಬರ್ 2ರಂದು ಗೋವೆಯಿಂದ ಹೊರಟು, ಭೂಮಿಯನ್ನು ಸುತ್ತಿ, 2025ರ ಮೇ 29ರಂದು ಮರಳಿದರು. ಇಡೀ ನೌಕೆಗೆ ಅವರಿಬ್ಬರೇ. ನಡುಗಡಲಿನಲ್ಲಿ ಏನು ಕೆಟ್ಟರೂ ಬಂದು ಸರಿಪಡಿಸುವವರು ಬೇರೆ ಯಾರೂ ಇಲ್ಲ. ರೈಲಿನಲ್ಲಿ ಮರಳುವಾಗ ನಾವು ಇದನ್ನು ಹೇಳಿದೆವು. ತಂದೆಯವರು ಕಿಟಕಿಯಾಚೆ ನೋಡುತ್ತಾ ಬಹಳ ಹೊತ್ತು ಸುಮ್ಮನಿದ್ದು, "ಆ ಡಾಕ್ಟರು ಮೊಣಕಾಲೂರಿ ಕೂತದ್ದು ನೋಡಿದಿರಾ?" ಎಂದರು. ಕಣ್ಣೂರು ದಾಟಿದ ಮೇಲೆ, ಟಾಂಕಿಯ ಕೊಳವೆಗೆ ಅಂಥದೊಂದು ಗಾಳಿಯ ವಾಲ್ವು ಹಾಕಿಸಿದರೆ ರಾತ್ರಿ ಎದ್ದು ಹೋಗುವ ಕಷ್ಟ ತಪ್ಪೀತೇ ಎಂದು ಕೇಳಿದರು. ನಮಗೆ ತಿಳಿಯದು, ಮಗನನ್ನೇ ಕೇಳಿ ಎಂದೆವು.

ಆ ದೋಣಿಯಿಂದ ತೆಗೆದ ಹಳೆಯ ಜೋಕರ್ ವಾಲ್ವನ್ನೂ, ಕಲ್ಲು ಕಟ್ಟಿದ ಪೈಪಿನ ಒಂದು ಗೇಣು ತುಂಡನ್ನೂ ತಂದು ನಮ್ಮ ವಿಜ್ಞಾನ ಕೊಠಡಿಯ ಎರಡನೆಯ ಕಪಾಟಿನಲ್ಲಿ ಇಟ್ಟಿದ್ದೇವೆ. ಎರಡನ್ನೂ ಚೆನ್ನಾಗಿ ತೊಳೆದಿದೆ. ಮಧ್ಯಾಹ್ನದ ಬಿಡುವಿನಲ್ಲಿ ಬಂದು ನೋಡಬಹುದು.